ಹೇಳಿದ್ದು ಮೇಲಿನವರು, ಮಾಡಿದ್ದು ಯಾರು?

ಯಾವುದೇ ದೊಡ್ಡ ಅನ್ಯಾಯದ ವಿಚಾರಣೆ ತೆಗೆದು ನೋಡಿ, ಒಂದು ಮಾತು ಸಿಕ್ಕೇ ಸಿಗುತ್ತದೆ. 'ಮೇಲಿಂದ ಹೇಳಿದರು, ನಾನು ಮಾಡಿದೆ.' ಕಡತಕ್ಕೆ ಸಹಿ ಹಾಕಿದವರು ಹೀಗೆ ಹೇಳುತ್ತಾರೆ. ಗುಂಡು ಹಾರಿಸಿದವರೂ ಹೀಗೇ ಹೇಳುತ್ತಾರೆ. ಆಮೇಲೆ ಮೇಲಿನವರನ್ನು ಕರೆದು ಕೇಳಿದರೆ, 'ನಾನು ಹಾಗೆ ಹೇಳಲೇ ಇಲ್ಲ, ಅವರು ತಪ್ಪು ತಿಳಿದುಕೊಂಡರು' ಅನ್ನುತ್ತಾರೆ. ನೊಂದವರು ಕಣ್ಣೆದುರಿಗೇ ಇರುತ್ತಾರೆ. ನೋಯಿಸಿದವರು ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹೀಗೆ ಹೇಳುವವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಎಷ್ಟೋ ಜನ ಮನಸಾರೆ ಹಾಗೇ ನಂಬಿರುತ್ತಾರೆ. ಗಾಬರಿ ಆಗಬೇಕಾದದ್ದು ಅದಕ್ಕೇ. ನಮ್ಮೆಲ್ಲರ ತಲೆಯಲ್ಲೂ ಒಂದು ಲೆಕ್ಕ ಕೂತುಬಿಟ್ಟಿದೆ. ಹೊಣೆ ಅನ್ನೋದು ಆಸ್ತಿ ಇದ್ದ ಹಾಗೆ, ಆದೇಶ ಕೊಟ್ಟವರು ದೊಡ್ಡ ಪಾಲು ತಗೊಂಡರೆ ನನಗೆ ಉಳಿಯೋದು ಸ್ವಲ್ಪ, ಅಂತ. ಈ ಲೆಕ್ಕವೇ ತಪ್ಪು. ಆದೇಶ ಕೊಟ್ಟವರ ಹೊಣೆ ಪೂರ್ತಿ ಅವರದು. ಮಾಡಿದವರ ಹೊಣೆ ಪೂರ್ತಿ ಮಾಡಿದವರದು. ಇಬ್ಬರಿದ್ದಾರೆ ಅಂತ ಯಾರ ಹೊಣೆಯೂ ಅರ್ಧ ಆಗುವುದಿಲ್ಲ. ಇದು ಹೇಳೋಕೆ ಸುಲಭ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ನಿಂತಾಗ ಯಾಕೆ ಅಷ್ಟು ಕಷ್ಟ ಅನ್ನೋದನ್ನು ಮೊದಲು ನೋಡಬೇಕು.

1961ರಲ್ಲಿ ಜೆರುಸಲೇಮಿನಲ್ಲಿ ಅಡಾಲ್ಫ್ ಐಖ್‌ಮನ್ ವಿಚಾರಣೆ ನಡೆಯಿತು. ಯುರೋಪಿನ ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ರೈಲಿನಲ್ಲಿ ಸಾಗಿಸುವ ವ್ಯವಸ್ಥೆ ನೋಡಿಕೊಂಡವನು ಈತ. ತಾನು ಆದೇಶ ಪಾಲಿಸಿದೆ ಅಷ್ಟೇ ಅಂತ ವಾದಿಸಿದ. ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಯುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಶುರು ಮಾಡಿದರು. ಹೆಸರು ಕೇಳಿರುವವರು ಬಹಳ ಜನ. ಆದರೆ ಅದರ ಒಂದೇ ಒಂದು ಅಂಕಿ ಜನರ ಬಾಯಲ್ಲಿ ಉಳಿದಿದೆ. ಉಳಿದ ಅಂಕಿಗಳು ಅದಕ್ಕಿಂತ ಜಾಸ್ತಿ ಹೇಳುತ್ತವೆ.

ಪ್ರಯೋಗ ಹೀಗಿತ್ತು. ನೆನಪಿನ ಶಕ್ತಿಯ ಬಗ್ಗೆ ಅಧ್ಯಯನ ಅಂತ ಹೇಳಿ ಸಾಮಾನ್ಯ ಜನರನ್ನು ಕರೆಸಿದರು. ಬಂದವರಿಗೆ 'ಶಿಕ್ಷಕ'ನ ಪಾತ್ರ. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದ ಇನ್ನೊಬ್ಬ ವ್ಯಕ್ತಿ 'ಕಲಿಯುವವನು'. ಅವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಿಕ್ಷಕ ಒಂದು ಸ್ವಿಚ್ ಒತ್ತಿ ಕರೆಂಟ್ ಶಾಕ್ ಕೊಡಬೇಕು. ಒಟ್ಟು 30 ಸ್ವಿಚ್‌ಗಳು. 15 ವೋಲ್ಟ್‌ನಿಂದ ಶುರುವಾಗಿ, ಪ್ರತಿ ಸಲ 15 ಜಾಸ್ತಿಯಾಗುತ್ತಾ 450ಕ್ಕೆ ಮುಗಿಯುತ್ತವೆ. ನಿಜಕ್ಕೂ ಶಾಕ್ ಹೊಡೆಯುತ್ತಿರಲಿಲ್ಲ, ಕಲಿಯುವವನು ನಟನೆ ಮಾಡುತ್ತಿದ್ದ. ಆದರೆ ಸ್ವಿಚ್ ಒತ್ತುವವರಿಗೆ ಅದು ಗೊತ್ತಿರಲಿಲ್ಲ. ಬೂದು ಬಣ್ಣದ ಕೋಟು ಹಾಕಿದ ಪ್ರಯೋಗಾಧಿಕಾರಿ ಪಕ್ಕದಲ್ಲೇ ಇರುತ್ತಿದ್ದ. ಯಾರಾದರೂ ಹಿಂಜರಿದರೆ ಶಾಂತವಾಗಿ 'ದಯವಿಟ್ಟು ಮುಂದುವರಿಸಿ' ಅನ್ನುತ್ತಿದ್ದ. ಬೈಗುಳ ಇಲ್ಲ, ಬೆದರಿಕೆ ಇಲ್ಲ.

ಎಷ್ಟು ಜನ ಕೊನೆವರೆಗೂ ಹೋಗಬಹುದು ಅಂತ ಮನೋವೈದ್ಯರನ್ನು ಮೊದಲೇ ಕೇಳಿದಾಗ, ಸಾವಿರಕ್ಕೆ ಒಬ್ಬರು ಇರಬಹುದು ಅಂದಿದ್ದರು. 1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಜನರ ಪೈಕಿ 26 ಮಂದಿ 450 ವೋಲ್ಟ್‌ವರೆಗೂ ಹೋಗಿದ್ದರು. ನೂರಕ್ಕೆ 65. ಜನರ ಬಾಯಲ್ಲಿ ಉಳಿದ ಅಂಕಿ ಇದೇ.

ಈ ಜನ ನಗುನಗುತ್ತಾ ಸ್ವಿಚ್ ಒತ್ತಲಿಲ್ಲ. ಬೆವರಿದರು, ನಡುಗಿದರು, ತುಟಿ ಕಚ್ಚಿಕೊಂಡರು, 'ಆ ಮನುಷ್ಯನಿಗೆ ಏನಾದರೂ ಆದರೆ ಯಾರು ಹೊಣೆ?' ಅಂತ ಕೇಳಿದವರೂ ಇದ್ದರು. ಹೊಣೆ ನನ್ನದು ಅಂತ ಅಧಿಕಾರಿ ಹೇಳಿದ. ಆಮೇಲೆ ಮುಂದಿನ ಸ್ವಿಚ್ ಒತ್ತಿದರು. ನೋವು ಕೊಡುವ ಕೈ ತಮ್ಮದೇ, ಎದುರಿಗಿನ ಮನುಷ್ಯನ ಸಂಕಟವೂ ಬದಲಾಗಿಲ್ಲ. ಒಬ್ಬರು 'ನನ್ನದು' ಅಂದ ಮಾತ್ರಕ್ಕೆ ಮನಸ್ಸು ಹಗುರಾಯಿತು. ಪಾಲು ಹಂಚುವ ಆ ಲೆಕ್ಕ ಕೆಲಸ ಮಾಡೋದು ಹೀಗೆ.

ಈಗ ಉಳಿದ ಅಂಕಿಗಳಿಗೆ ಬರೋಣ. ಮಿಲ್‌ಗ್ರಾಮ್ ಇದೇ ಪ್ರಯೋಗವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದರು. ಕಲಿಯುವವನನ್ನು ಅದೇ ಕೋಣೆಯಲ್ಲಿ ಎದುರಿಗೆ ಕೂರಿಸಿದಾಗ ಕೊನೆವರೆಗೂ ಹೋದವರು ನೂರಕ್ಕೆ 40. ಅವನ ಕೈಯನ್ನು ಹಿಡಿದು ಶಾಕ್ ತಟ್ಟೆಯ ಮೇಲೆ ಒತ್ತಬೇಕು ಅಂದಾಗ 30. ಅಧಿಕಾರಿ ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಆದೇಶ ಕೊಟ್ಟಾಗ ಸುಮಾರು 20ಕ್ಕೆ ಇಳಿಯಿತು. ಕೆಲವರು ಫೋನಿನಲ್ಲಿ 'ಹೂಂ, ಹೆಚ್ಚಿಸುತ್ತಿದ್ದೇನೆ' ಅಂತ ಹೇಳಿ, ಸುಮ್ನೆ ಚಿಕ್ಕ ಶಾಕ್ ಸ್ವಿಚ್ಚನ್ನೇ ಒತ್ತುತ್ತಿದ್ದರು. ಜೊತೆಯಲ್ಲಿ ಕೂತ ಇನ್ನಿಬ್ಬರು ಶಿಕ್ಷಕರು ನಡುವೆ ಎದ್ದು 'ನಾವು ಮಾಡಲ್ಲ' ಅಂದಾಗ ಕೊನೆವರೆಗೂ ಹೋದವರು ನೂರಕ್ಕೆ 10 ಮಾತ್ರ.

ಇನ್ನೊಂದು ಬಗೆ ಇದೆ, ಅದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿ ಆಗುತ್ತದೆ. ಅದರಲ್ಲಿ ಬಂದವರು ಶಾಕ್ ಸ್ವಿಚ್ ಒತ್ತಬೇಕಿರಲಿಲ್ಲ. ಪ್ರಶ್ನೆ ಓದುವಂಥ ಚಿಕ್ಕ ಕೆಲಸ ಮಾತ್ರ ಇವರದು, ಸ್ವಿಚ್ ಒತ್ತುವುದು ಇನ್ನೊಬ್ಬ. ಆಗ 40ರಲ್ಲಿ 37 ಜನ ಕೊನೆವರೆಗೂ ಕೂತರು. ಆಫೀಸುಗಳಲ್ಲಿ, ಸರ್ಕಾರಗಳಲ್ಲಿ, ದೊಡ್ಡ ಕಂಪನಿಗಳಲ್ಲಿ ನಮ್ಮಲ್ಲಿ ಬಹುಪಾಲು ಜನ ಇರೋದು ಇದೇ ಜಾಗದಲ್ಲಿ ಅಲ್ವಾ? ಯಾರೂ ಯಾರ ಕುತ್ತಿಗೆಗೂ ಕೈ ಹಾಕುವುದಿಲ್ಲ. ಒಬ್ಬರು ಪಟ್ಟಿ ತಯಾರಿಸುತ್ತಾರೆ, ಒಬ್ಬರು ಮುದ್ರೆ ಒತ್ತುತ್ತಾರೆ, ಒಬ್ಬರು ನೋಟಿಸ್ ಕಳಿಸುತ್ತಾರೆ. ಕೆಲಸ ಹೋಳಾದಷ್ಟೂ, ಆಗುತ್ತಿರುವುದು ಏನು ಅನ್ನೋದು ಯಾರ ಕಣ್ಣಿಗೂ ಪೂರ್ತಿ ಬೀಳುವುದಿಲ್ಲ.

15 ವೋಲ್ಟ್ ಮೆಟ್ಟಿಲುಗಳಲ್ಲೂ ಒಂದು ಮರ್ಮ ಇದೆ. ಮೊದಲೇ 450ರ ಸ್ವಿಚ್ ಒತ್ತು ಅಂದಿದ್ದರೆ ಬಹಳ ಜನ ಎದ್ದು ಹೋಗುತ್ತಿದ್ದರೇನೋ. ಆದರೆ 150 ಒತ್ತಿದವನಿಗೆ 165 ಬೇಡ ಅನ್ನಲು ಕಾರಣ ಬೇಕು. ಈಗ ನಿಲ್ಲಿಸಿದರೆ, ಈಗಷ್ಟೇ ಮಾಡಿದ್ದೂ ತಪ್ಪು ಅಂತ ಒಪ್ಪಿಕೊಂಡ ಹಾಗೆ. ಕಲಿಯುವವನ ದನಿ ಕೇಳಿಸುತ್ತಿದ್ದ ಪ್ರಯೋಗಗಳಲ್ಲಿ, ನಿಲ್ಲಿಸಿದವರು ಜಾಸ್ತಿ ನಿಲ್ಲಿಸಿದ್ದು 150 ವೋಲ್ಟ್‌ನಲ್ಲಿ. ಅವನು ಮೊದಲ ಸಲ 'ನನ್ನನ್ನು ಬಿಟ್ಟುಬಿಡಿ' ಅಂತ ಕೇಳುತ್ತಿದ್ದದ್ದು ಅಲ್ಲೇ. ಆ ಮಾತು ಕಿವಿಗೆ ಬಿದ್ದಾಗಲೇ ನಿಂತವರು ನಿಂತರು. ಅದನ್ನು ದಾಟಿ ಹೋದವರಿಗೆ ಮುಂದೆ ನಿಲ್ಲುವುದು ಕಷ್ಟವಾಯಿತು.

ಈ ಪ್ರಯೋಗಕ್ಕೆ ಟೀಕೆಗಳೂ ಇವೆ, ಅವು ಹಗುರವಾದವಲ್ಲ. ಬಂದವರಿಗೆ ಮೋಸ ಮಾಡಿದ್ದು, ಅವರನ್ನು ಅಷ್ಟು ಸಂಕಟಕ್ಕೆ ದೂಡಿದ್ದು ಸರಿಯಲ್ಲ. ಶಾಕ್ ನಿಜವಲ್ಲ ಅಂತ ಕೆಲವರಿಗೆ ಅನುಮಾನವಿತ್ತು ಅನ್ನೋದೂ ಆಮೇಲೆ ಹೊರಬಂತು. ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ ಒಂದು ತಕರಾರು. ಅಧಿಕಾರಿಯ ಬಳಿ ನಾಲ್ಕು ಸಿದ್ಧ ಮಾತುಗಳಿದ್ದವು. ಕೊನೆಯದು 'ನಿಮಗೆ ಬೇರೆ ದಾರಿ ಇಲ್ಲ, ಮುಂದುವರಿಸಲೇಬೇಕು.' ನಾಲ್ಕರಲ್ಲಿ ನಿಜವಾದ ಹುಕುಂ ಅಂದರೆ ಇದೊಂದೇ. ಅಮೆರಿಕದ ಜೆರಿ ಬರ್ಗರ್ ಈ ಪ್ರಯೋಗವನ್ನು 150 ವೋಲ್ಟ್‌ಗೆ ಮಿತಿಗೊಳಿಸಿ ಮತ್ತೆ ಮಾಡಿ, 2009ರಲ್ಲಿ ಪ್ರಕಟಿಸಿದರು. ಅದರಲ್ಲಿ ಈ ನಾಲ್ಕನೇ ಮಾತು ಕೇಳಿಸಿಕೊಂಡವರು ಯಾರೂ ಮುಂದುವರಿಯಲಿಲ್ಲ. 'ಪ್ರಯೋಗಕ್ಕೆ ಇದು ಬೇಕು' ಅನ್ನುವ ಮೆತ್ತನೆಯ ಮಾತು ಕೆಲಸ ಮಾಡಿತು, ಗದರಿಕೆ ಕೆಲಸ ಮಾಡಲಿಲ್ಲ. ಅಂದರೆ ಜನ ಬರೀ ಹೆದರಿ ತಲೆಬಾಗಲಿಲ್ಲ. ವಿಜ್ಞಾನದ ಒಳ್ಳೆಯ ಕೆಲಸಕ್ಕೆ ನೆರವಾಗುತ್ತಿದ್ದೇವೆ ಅಂತ ನಂಬಿ ಮುಂದುವರಿದರು. ಅಲೆಕ್ಸ್ ಹ್ಯಾಸ್ಲಮ್, ಸ್ಟೀಫನ್ ರೈಕರ್ ಅವರಂಥ ಮನಶ್ಶಾಸ್ತ್ರಜ್ಞರು ಒತ್ತಿ ಹೇಳುವುದು ಇದನ್ನೇ. ನನಗೂ ಇದು ಸರಿ ಅನ್ನಿಸುತ್ತದೆ. ದೇಶಕ್ಕಾಗಿ, ಸಂಸ್ಥೆಗಾಗಿ, ಧರ್ಮಕ್ಕಾಗಿ ಅಂತ ಹೇಳಿ ಮಾಡಿಸುವ ಕೆಟ್ಟ ಕೆಲಸಗಳನ್ನು ನೋಡಿ. ಮಾಡುವವರಿಗೆ ತಾವು ಒಳ್ಳೆಯವರು ಅನ್ನುವ ಭಾವನೆಯೇ ಇರುತ್ತದೆ. ಹಾಗಿದ್ದ ಮೇಲೆ 'ನಾನು ಬರೀ ಕೈ' ಅನ್ನುವ ವಾದ ನಿಲ್ಲುವುದಿಲ್ಲ. ನಂಬಿದ ತಲೆಯೂ ಅವರದೇ.

ಪ್ರಯೋಗಾಲಯ ಬಿಟ್ಟು ಆಸ್ಪತ್ರೆಗೆ ಹೋಗೋಣ. 1966ರಲ್ಲಿ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಅವರ ಜೊತೆಗಾರರು ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ವಾರ್ಡಿನಲ್ಲಿ ಒಬ್ಬರೇ ಇರುವ ನರ್ಸ್‌ಗೆ ಫೋನ್ ಬರುತ್ತದೆ. ಯಾವತ್ತೂ ಕಂಡಿರದ ಡಾಕ್ಟರು ಒಬ್ಬ ರೋಗಿಗೆ 20 ಮಿಲಿಗ್ರಾಂ ಔಷಧ ಕೊಡಿ, ಸಹಿ ಆಮೇಲೆ ಬಂದು ಹಾಕುತ್ತೇನೆ ಅನ್ನುತ್ತಾರೆ. ಡಬ್ಬಿಯ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಫೋನಿನಲ್ಲಿ ಆದೇಶ ತಗೊಳ್ಳುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಆದರೂ 22 ನರ್ಸ್‌ಗಳಲ್ಲಿ 21 ಮಂದಿ ಔಷಧ ಅಳೆದುಕೊಂಡು ರೋಗಿಯ ಹತ್ತಿರ ಹೊರಟರು. ಅಲ್ಲಿ ಕಾದಿದ್ದವರು ತಡೆದರು. ಡಬ್ಬಿಯಲ್ಲಿದ್ದದ್ದು ಬರೀ ಸಕ್ಕರೆ ಪುಡಿ. ಇದೇ ಸನ್ನಿವೇಶವನ್ನು ಕಾಗದದ ಮೇಲೆ ಬರೆದು ಬೇರೆ ನರ್ಸ್‌ಗಳಿಗೆ ಕೊಟ್ಟಾಗ ಹೆಚ್ಚುಕಡಿಮೆ ಎಲ್ಲರೂ 'ನಾವು ಕೊಡುವುದಿಲ್ಲ' ಅಂದಿದ್ದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಸ್ಟೀವನ್ ರ‍್ಯಾಂಕ್ ಮತ್ತು ಕಾರ್ಡೆಲ್ ಜೇಕಬ್ಸನ್ ಇದನ್ನೇ ಸ್ವಲ್ಪ ಬದಲಿಸಿ ಮಾಡಿದರು. ಈ ಸಲ ಔಷಧ ನರ್ಸ್‌ಗಳಿಗೆ ಗೊತ್ತಿರುವಂಥದ್ದು. ಪಕ್ಕದಲ್ಲಿದ್ದ ಸಹೋದ್ಯೋಗಿಗಳ ಜೊತೆ ಮಾತಾಡಲೂ ಅವಕಾಶವಿತ್ತು. 18ರಲ್ಲಿ 16 ಮಂದಿ ಕೊಡಲಿಲ್ಲ. ಮೊದಲಿನವರಿಗಿಂತ ಇವರ ಮನಸ್ಸು ಒಳ್ಳೆಯದು ಅಂತೇನೂ ಅಲ್ಲ. ಇವರಿಗೆ ತಿಳಿವಳಿಕೆ ಇತ್ತು, 'ಇದು ಸರೀನಾ?' ಅಂತ ಕೇಳಲು ಇನ್ನೊಬ್ಬರಿದ್ದರು. ಹಾಗಾದರೆ ಮೊದಲಿನ 21 ಜನರ ತಪ್ಪೇ ಇಲ್ಲವೇ? ಇದೆ. ಡಬ್ಬಿಯ ಮೇಲಿನ ಅಕ್ಷರ ಅವರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ಓದಬೇಕಾದದ್ದು ಅವರ ಕೆಲಸ. ಆದರೆ ಒಂಟಿಯಾಗಿ ನಿಲ್ಲಿಸಿ, ಪ್ರಶ್ನೆ ಕೇಳುವುದೇ ಅಪರಾಧ ಅನ್ನುವ ವಾತಾವರಣ ಕಟ್ಟಿದವರ ತಪ್ಪು ಅದರ ಪಕ್ಕದಲ್ಲೇ, ಅಷ್ಟೇ ಪೂರ್ತಿಯಾಗಿ ನಿಲ್ಲುತ್ತದೆ.

ಕಾನೂನು ಇದನ್ನು ಹೇಗೆ ನೋಡುತ್ತದೆ? ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಗಾಗಿ 1945ರಲ್ಲಿ ಬರೆದ ಸನ್ನದು ಒಂದು ಗೆರೆ ಎಳೆಯಿತು. ಮೇಲಿನವರ ಆದೇಶ ಅನ್ನುವುದು ಅಪರಾಧದಿಂದ ಬಿಡುಗಡೆ ಕೊಡುವುದಿಲ್ಲ, ಬೇಕಿದ್ದರೆ ಶಿಕ್ಷೆ ಕಡಿಮೆ ಮಾಡಲು ಪರಿಗಣಿಸಬಹುದು, ಅಷ್ಟೇ. 1950ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಇದನ್ನು ತತ್ವವಾಗಿ ಬರೆಯುವಾಗ ಒಂದು ಷರತ್ತು ಸೇರಿಸಿತು. ಆ ವ್ಯಕ್ತಿಗೆ ನೈತಿಕ ಆಯ್ಕೆ ನಿಜವಾಗಿಯೂ ಸಾಧ್ಯವಿದ್ದಿರಬೇಕು. ಈ ಷರತ್ತು ನ್ಯಾಯವಾದದ್ದೇ. ತಲೆಗೆ ಬಂದೂಕು ಇಟ್ಟವನ ಕೈಯಲ್ಲಿ ಆಡಿದವನನ್ನೂ, ಬಡ್ತಿಯ ಆಸೆಗೆ ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು.

ಆದರೆ 'ಬೇರೆ ದಾರಿ ಇರಲಿಲ್ಲ' ಅನ್ನುವವರಿಗೆಲ್ಲ ನಿಜಕ್ಕೂ ದಾರಿ ಇರಲಿಲ್ಲವೇ? 1942ರ ಜುಲೈನಲ್ಲಿ ಪೋಲೆಂಡಿನ ಯೂಜೆಫೂಫ್ ಎಂಬ ಊರಿನ ಯಹೂದಿಗಳನ್ನು ಕೊಲ್ಲಲು ಜರ್ಮನಿಯ 101ನೇ ಮೀಸಲು ಪೊಲೀಸ್ ಪಡೆಯನ್ನು ಕಳಿಸಿದರು. ಸುಮಾರು 500 ಜನರ ಪಡೆ, ಬಹುಪಾಲು ನಡುವಯಸ್ಸಿನ ಸಾಮಾನ್ಯ ಜನ. ಅವರ ಮೇಜರ್ ವಿಲ್ಹೆಲ್ಮ್ ಟ್ರಾಪ್ ಕಣ್ಣಲ್ಲಿ ನೀರು ತುಂಬಿಕೊಂಡು ಆದೇಶ ಓದಿದ. ಆಮೇಲೆ, ಆಗದವರು ಹೊರಗೆ ಬರಬಹುದು ಅಂದ. ಆ ಕ್ಷಣಕ್ಕೆ ಹೊರಬಂದವರು ಹತ್ತು ಹನ್ನೆರಡು ಜನ. ಅವರಿಗೆ ಶಿಕ್ಷೆ ಆಗಲಿಲ್ಲ. ನಿರಾಯುಧ ಜನರನ್ನು ಕೊಲ್ಲಲು ಒಲ್ಲೆ ಅಂದಿದ್ದಕ್ಕೆ ಜರ್ಮನ್ ಪಡೆಯವರಿಗೆ ಮರಣದಂಡನೆಯಂಥ ಶಿಕ್ಷೆ ಆಯಿತು ಅಂತ ಯುದ್ಧಾನಂತರದ ವಿಚಾರಣೆಗಳಲ್ಲಿ ಆರೋಪಿಗಳು ಒಂದೇ ಒಂದು ಪ್ರಕರಣವನ್ನೂ ದಾಖಲೆ ಸಮೇತ ತೋರಿಸಲಾಗಲಿಲ್ಲ. ಉಳಿದವರನ್ನು ಸಾಲಿನಲ್ಲೇ ಹಿಡಿದಿಟ್ಟದ್ದು ಬಂದೂಕಿಗಿಂತ ಹೆಚ್ಚಾಗಿ ಪಕ್ಕದವರ ನೋಟ. 'ನಾನು ಹೇಡಿ ಅಂದುಕೊಂಡರೆ?' 'ಕೆಟ್ಟ ಕೆಲಸ ಅವರ ಮೇಲೆ ಬಿಟ್ಟು ನಾನು ತಪ್ಪಿಸಿಕೊಂಡ ಹಾಗಾದರೆ?' ಇಂಥ ಸಂಕೋಚಕ್ಕೆ ಆ ಒಂದೇ ದಿನ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಆದೇಶ ಕಾನೂನುಬಾಹಿರ ಅಂತ ಒಬ್ಬ ಸಾಮಾನ್ಯ ಸಿಪಾಯಿಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ಇಸ್ರೇಲಿನ ನ್ಯಾಯಾಲಯವೊಂದು ಕೊಟ್ಟ ಉತ್ತರ ಇವತ್ತಿಗೂ ಚರ್ಚೆಯಲ್ಲಿದೆ. 1956ರ ಅಕ್ಟೋಬರ್ 29ರಂದು ಅರಬ್ ಹಳ್ಳಿಗಳ ಮೇಲೆ ಸಂಜೆ 5 ಗಂಟೆಯಿಂದ ಕರ್ಫ್ಯೂ ಹಾಕಿದರು. ಹೊಲಕ್ಕೆ, ಕೆಲಸಕ್ಕೆ ಹೋದವರಿಗೆ ಅದು ಗೊತ್ತೇ ಇರಲಿಲ್ಲ. ಕಫ್ರ್ ಕಾಸಿಂನಲ್ಲಿ ಸಂಜೆ ಮನೆಗೆ ಮರಳುತ್ತಿದ್ದ 40ಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳು ಅನ್ನದೆ, ಗಡಿ ಪೊಲೀಸರು ಗುಂಡಿಟ್ಟು ಕೊಂದರು. ಅದೇ ಆದೇಶ ಪಡೆದ ಬೇರೆ ಹಳ್ಳಿಗಳ ತುಕಡಿಗಳು ಜನರನ್ನು ಸುಮ್ಮನೆ ಮನೆಗೆ ಬಿಟ್ಟವು. ಕೆಲವು ಆದೇಶಗಳ ಮೇಲೆ 'ನಿಷಿದ್ಧ' ಅಂತ ಸಾರುವ ಕಪ್ಪು ಬಾವುಟ ಹಾರಾಡುತ್ತಿರುತ್ತದೆ, ಅದು ಕಾಣಲು ವಕೀಲನಾಗಬೇಕಿಲ್ಲ ಅನ್ನುವ ಅರ್ಥದಲ್ಲಿ ನ್ಯಾಯಾಧೀಶ ಬೆಂಜಮಿನ್ ಹಲೇವಿ ತೀರ್ಪು ಬರೆದರು. ಆದರೆ ಶಿಕ್ಷೆಯಾದವರೆಲ್ಲ 1960ರ ಹೊತ್ತಿಗೆ ಬಿಡುಗಡೆಯಾದರು. ಬ್ರಿಗೇಡ್ ಕಮಾಂಡರ್‌ಗೆ ಬಿದ್ದದ್ದು ಒಂದು ಚಿಲ್ಲರೆ ನಾಣ್ಯದ ದಂಡ.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನೂರಾರು ಹಳ್ಳಿಗರನ್ನು ಕೊಂದಾಗಲೂ ಆದದ್ದು ಇಷ್ಟೇ. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ ಮಾತ್ರ. ಆದೇಶ ಪಾಲಿಸಿದೆ ಅನ್ನುವ ಅವನ ವಾದವನ್ನು ಕೋರ್ಟು ಒಪ್ಪಲಿಲ್ಲ, ಅದು ಸರಿಯೇ. ಆದರೆ ಅವನ ಕ್ಯಾಪ್ಟನ್ ಖುಲಾಸೆಯಾದ. ಹೊಣೆ ಹಂಚುವ ಲೆಕ್ಕ ಎರಡೂ ಕಡೆ ಮೋಸ ಮಾಡುತ್ತದೆ. ಕೆಳಗಿನವರು ಅದನ್ನು ಮೇಲಕ್ಕೆ ತಳ್ಳುತ್ತಾರೆ. ಸಿಕ್ಕಿಬಿದ್ದ ಮೇಲೆ ಮೇಲಿನವರು ಕೆಳಗಿನ ಒಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ.

ಅದೇ ದಿನ ಅದೇ ಹಳ್ಳಿಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಕೆಳಗೆ ಆಗುತ್ತಿರುವುದನ್ನು ಕಂಡರು. ಬಂಕರಿನಲ್ಲಿ ಅಡಗಿದ್ದ ಹಳ್ಳಿಗರಿಗೂ ಅವರತ್ತ ಬರುತ್ತಿದ್ದ ತಮ್ಮದೇ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ಸೈನಿಕರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ಅವರ ಮೇಲೆ ಗುಂಡು ಹಾರಿಸಿ ಅಂತ ತಮ್ಮ ಇಬ್ಬರು ಸಿಬ್ಬಂದಿಗೆ ಹೇಳಿದರು. ಬೇರೆ ಹೆಲಿಕಾಪ್ಟರ್ ಕರೆಸಿ ಆ ಜನರನ್ನು ಸಾಗಿಸಿದರು. ಮೇಲಧಿಕಾರಿಗಳಿಗೆ ದೂರು ಕೊಟ್ಟರು. ತಾಯ್ನಾಡಿಗೆ ಮರಳಿದ ಮೇಲೆ ಬಹಳ ಕಾಲ ಅವರನ್ನು ದ್ರೋಹಿಯಂತೆ ಕಂಡರು. ಸೇನೆ ಪದಕ ಕೊಟ್ಟದ್ದು 1998ರಲ್ಲಿ, 30 ವರ್ಷಗಳ ನಂತರ. ಒಲ್ಲೆ ಅನ್ನುವುದಕ್ಕೆ ಬೆಲೆ ಇಲ್ಲ ಅಂತ ಯಾರೂ ಹೇಳಬಾರದು. ಕೆಲಸ ಹೋಗಬಹುದು, ಹೆಸರು ಕೆಡಬಹುದು, ಮನೆಮಂದಿ ಕಷ್ಟಕ್ಕೆ ಬೀಳಬಹುದು. ಅದಕ್ಕೇ ಈ ಬೆಲೆಯನ್ನು ಒಬ್ಬೊಬ್ಬರ ಧೈರ್ಯಕ್ಕೆ ಬಿಟ್ಟು ಕೂರದೆ, ಅದನ್ನು ಇಳಿಸುವುದು ಸಂಸ್ಥೆಗಳ ಕೆಲಸ.

ವಿಮಾನಯಾನ ಇದನ್ನು ದುರಂತದಿಂದ ಕಲಿಯಿತು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಮುಸುಕಿತ್ತು. ಕೆಎಲ್ಎಂ ವಿಮಾನ ರನ್‌ವೇಯಲ್ಲಿ ಓಡತೊಡಗಿದಾಗ ಪ್ಯಾನ್ ಆ್ಯಮ್ ವಿಮಾನ ಇನ್ನೂ ಅದೇ ರನ್‌ವೇ ಮೇಲಿತ್ತು. ಕೆಎಲ್ಎಂನ ಫ್ಲೈಟ್ ಎಂಜಿನಿಯರ್ 'ಆ ಪ್ಯಾನ್ ಅಮೆರಿಕನ್ ಇನ್ನೂ ದಾರಿ ಬಿಟ್ಟಿಲ್ಲವೇ?' ಅಂತ ಕೇಳಿದರು. ಕಂಪನಿಯಲ್ಲೇ ಬಹಳ ಹಿರಿಯರಾಗಿದ್ದ ಕ್ಯಾಪ್ಟನ್ 'ಬಿಟ್ಟಿದೆ' ಅಂತ ಖಡಾಖಂಡಿತವಾಗಿ ಹೇಳಿದರು. ಆಮೇಲೆ ಯಾರೂ ತಕರಾರು ಎತ್ತಲಿಲ್ಲ. 583 ಜನ ಸತ್ತರು. ಕ್ಯಾಪ್ಟನ್‌ಗೆ ಯಾರನ್ನೂ ಕೊಲ್ಲುವ ಉದ್ದೇಶ ಇರಲಿಲ್ಲ. ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಧೈರ್ಯ ಆ ಕಾಕ್‌ಪಿಟ್‌ನಲ್ಲಿ ಇರಲಿಲ್ಲ. ಇಂಥ ಅಪಘಾತಗಳ ನಂತರ, ಕಿರಿಯರು ಅನುಮಾನವನ್ನು ಬಾಯಿಬಿಟ್ಟು ಹೇಳುವುದು, ಹಿರಿಯರು ಅದನ್ನು ಅವಮಾನ ಅಂದುಕೊಳ್ಳದೆ ಕೇಳುವುದು ಎರಡನ್ನೂ ತರಬೇತಿಯಲ್ಲಿ ಕಲಿಸತೊಡಗಿದರು. ಪೈಲಟ್‌ಗಳಿಗೆ ಇದು ಇವತ್ತು ಹಾರಾಟದಷ್ಟೇ ಮುಖ್ಯ ಪಾಠ.

ಈಗ ಹೊಸದೊಂದು ತೊಡಕು ಬಂದಿದೆ. ಆದೇಶ ಕೊಡುವ ಜಾಗದಲ್ಲಿ ಮನುಷ್ಯನ ಬದಲು ಕಂಪ್ಯೂಟರ್ ಕೂತಿದೆ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಇಲ್ಲದ ಕೊರತೆ ತೋರಿಸುತ್ತಿತ್ತು. ಅದನ್ನು ನಂಬಿ 1999ರಿಂದ 2015ರ ನಡುವೆ ನೂರಾರು ಸಬ್ ಪೋಸ್ಟ್‌ಮಾಸ್ಟರ್‌ಗಳ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಮೊಕದ್ದಮೆ ಹಾಕಿದರು. ಜೈಲಿಗೆ ಹೋದವರಿದ್ದಾರೆ, ದಿವಾಳಿಯಾದವರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಸಂಸತ್ತು ಕಾನೂನೇ ಮಾಡಬೇಕಾಯಿತು. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂಬ ವ್ಯವಸ್ಥೆ ಜನರ ವರ್ಷದ ಆದಾಯವನ್ನು ಹದಿನೈದು ದಿನಗಳ ಸರಾಸರಿಗೆ ಒಡೆದು, ಬಡವರಿಗೆ ಇಲ್ಲದ ಸಾಲದ ನೋಟಿಸ್ ಕಳಿಸಿತು. ಅದು ಕಾನೂನುಬಾಹಿರ, ಕ್ರೂರ ಅಂತ 2023ರಲ್ಲಿ ವಿಚಾರಣಾ ಆಯೋಗ ಹೇಳಿತು. ಇದು ತಪ್ಪು ಅಂತ ಒಳಗಿನ ನೌಕರರು ಮೊದಲೇ ಎಚ್ಚರಿಸಿದ್ದರು. ಅವರ ಮಾತು ಮೇಲೆ ಹೋಗಿ ಅಲ್ಲೇ ನಿಂತಿತು.

'ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿದೆ' ಅನ್ನುವುದು ಹಳೆಯ 'ಮೇಲಿಂದ ಹೇಳಿದರು'ಗಿಂತ ಗಟ್ಟಿಯಾದ ಗುರಾಣಿ. ಯಾಕೆಂದರೆ ಆದೇಶಕ್ಕೆ ಸಂಬಂಧಿಸಿದ ಕಾನೂನುಗಳೆಲ್ಲ ಮೇಲೆ ಒಬ್ಬ ಮನುಷ್ಯ ಇದ್ದಾನೆ ಅಂತ ಭಾವಿಸಿಯೇ ಬರೆದವು. ಸಾಫ್ಟ್‌ವೇರ್ ಬರೆದವರು 'ಬಳಸಿದ್ದು ನಾವಲ್ಲ' ಅನ್ನುತ್ತಾರೆ, ಕೊಂಡವರು 'ಬರೆದದ್ದು ನಾವಲ್ಲ' ಅನ್ನುತ್ತಾರೆ, ಬಟನ್ ಒತ್ತಿದವರು 'ಎರಡೂ ನಾವಲ್ಲ' ಅನ್ನುತ್ತಾರೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆ ನಿಯಮ, ಜನರ ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ತೀರ್ಮಾನವನ್ನು ಯಂತ್ರವೊಂದೇ ತಗೊಳ್ಳಬಾರದು, ನಡುವೆ ಮನುಷ್ಯ ಇರಬೇಕು ಅಂತ ಕೇಳುವ ಹಕ್ಕು ಕೊಡುತ್ತದೆ. ಒಳ್ಳೆಯದೇ. ಆದರೆ ಪರದೆ ಮೇಲೆ ಬಂದದ್ದಕ್ಕೆ ಸುಮ್ನೆ 'ಓಕೆ' ಒತ್ತಲು ಕೂರಿಸಿದ ಮನುಷ್ಯ ಅಲ್ಲಿ ಇದ್ದೂ ಇಲ್ಲದ ಹಾಗೆ. ಕಡತ ಓದುವಷ್ಟು ಸಮಯ ಅವರಿಗೆ ಬೇಕು. ಯಂತ್ರ ಯಾಕೆ ಹಾಗೆ ಹೇಳಿತು ಅನ್ನುವ ವಿವರ ಬೇಕು. 'ಇದು ತಪ್ಪು, ನಿಲ್ಲಿಸುತ್ತೇನೆ' ಅಂದಾಗ ನಿಲ್ಲುವ ಅಧಿಕಾರ ಬೇಕು, ಹಾಗೆ ನಿಲ್ಲಿಸಿದ್ದಕ್ಕೆ ಅವರ ಕೆಲಸಕ್ಕೆ ಕುತ್ತು ಬರಬಾರದು. ಕೊನೆಗೆ ಹೊರಡುವ ಪತ್ರದಲ್ಲಿ ತೀರ್ಮಾನ ತಗೊಂಡವರ ಹೆಸರೂ, ಆ ವ್ಯವಸ್ಥೆಯನ್ನು ಒಪ್ಪಿ ತಂದವರ ಹೆಸರೂ ಎರಡೂ ಇರಬೇಕು.